ಸೋಮವಾರಕ್ಕೆ ಮುಗಿದ ವಾರಂಟಿ

ಗಂಡ: ಸೋಮವಾರ ಅಂದ್ರೆ ಸೋಮವಾರ ಕಣೇ. ವಾರಂಟಿ ಸೋಮವಾರ ಮುಗಿದಿದೆ, ಮೆಷಿನ್ ಗುರುವಾರ ನಿಂತಿದೆ. ಇದರಲ್ಲಿ ವಾದ ಮಾಡೋಕೆ ಏನಿದೆ?

ಹೆಂಡತಿ: ರೀ, ನೀವು ನನ್ನ ಜೊತೆ ಬಂದಿದ್ದೀರೋ, ಈ ಕಂಪನಿಯವರ ಜೊತೆ ಬಂದಿದ್ದೀರೋ?

ಗಂಡ: ನಿನ್ನ ಜೊತೆನೇ ಬಂದಿದ್ದೀನಿ. ಆದ್ರೆ ನ್ಯಾಯ ಅವರ ಕಡೆ ಇದೆ.

ಹೆಂಡತಿ: ಹಾಗಾದ್ರೆ ನೀವೂ ಕೌಂಟರಿನ ಆ ಕಡೆ ಹೋಗಿ ನಿಂತ್ಕೊಳ್ಳಿ. ಯಾರ ಜೊತೆ ಜಗಳ ಆಡ್ಬೇಕು ಅನ್ನೋದು ನನಗೂ ಸರಿಯಾಗಿ ಗೊತ್ತಾಗ್ಲಿ.

ಅದು ಬಟ್ಟೆ ಒಗೆಯುವ ಮೆಷಿನ್ನುಗಳ ಸರ್ವಿಸ್ ಸೆಂಟರು. ಗಾಜಿನ ಹಿಂದೆ ಕಂಪ್ಯೂಟರ್ ಮುಂದಿಟ್ಟುಕೊಂಡ ನಡುವಯಸ್ಸಿನ ಗುಮಾಸ್ತ. ಗಾಜಿನ ಈಚೆ ಇವರಿಬ್ಬರು. ಬೆನ್ನ ಹಿಂದೆ ಎರಡು ಸಾಲು ಪ್ಲಾಸ್ಟಿಕ್ ಕುರ್ಚಿ, ಟೋಕನ್ ಹಿಡಿದು ಕುಳಿತ ಏಳೆಂಟು ಜನ.

ಗಂಡ ಮೂವತ್ತೈದು ವರ್ಷ ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಪಾಸಿನ ಅವಧಿ ಒಂದೇ ದಿನ ಮೀರಿದ್ದರೂ ಮುಂದಿನ ನಿಲ್ದಾಣದಲ್ಲಿ ಇಳಿಸುತ್ತಿದ್ದರು. ಒಮ್ಮೆ ಹೆಂಡತಿಯ ತಮ್ಮನನ್ನೇ ಇಳಿಸಿದ್ದರು. ಆತ ಇಂದಿಗೂ ಬಸ್ಸಿನಲ್ಲೇ ಓಡಾಡುತ್ತಾನೆ. ಹೆಂಡತಿ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿದ್ದವರು. ಈಗ ಅವರ ಬಲಗೈ ಮಣಿಕಟ್ಟು ಉಳುಕಿ, ಅದಕ್ಕೆ ದಪ್ಪ ಪಟ್ಟಿ ಸುತ್ತಿತ್ತು.

ಗುಮಾಸ್ತ: ಸರ್ ಹೇಳೋದು ಸರಿಯಾಗಿದೆ ಮೇಡಂ. ಇಷ್ಟು ತಿಳಿದವರು ಈ ಕೌಂಟರಿಗೆ ಬರೋದೇ ಅಪರೂಪ.

ಹೆಂಡತಿ: ನೋಡಿ, ಮನೇಲಿ ನಮ್ಮತ್ತೆ ಹಾಸಿಗೆ ಹಿಡಿದಿದ್ದಾರೆ. ದಿನಕ್ಕೆ ಮೂರು ಸಲ ಹಾಸು ಬದಲಾಯಿಸಬೇಕು. ಮೆಷಿನ್ ಇಲ್ದೆ ಆಗೋದೇ ಇಲ್ಲ.

ಗುಮಾಸ್ತ: ಕೌಂಟರಿನ ಫಾರಂನಲ್ಲೂ ದೂರು ಬರ್ಕೋತೀನಿ ಮೇಡಂ, ಅದಕ್ಕೇನಂತೆ. ವಯಸ್ಸೆಷ್ಟು?

ಹೆಂಡತಿ: ಎಂಬತ್ನಾಲ್ಕು.

ಗುಮಾಸ್ತನ ಕಣ್ಣು ಕಂಪ್ಯೂಟರಿನ ಮೇಲಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಬೆರಳು ಕುಟ್ಟುತ್ತಿತ್ತು.

ಗುಮಾಸ್ತ: ಎಲ್ಲಾದ್ರೂ ಬಿದ್ದಿದ್ದು, ಪೆಟ್ಟಾಗಿದ್ದು?

ಹೆಂಡತಿ: ಬಚ್ಚಲಲ್ಲಿ ಜಾರಿದ್ದು. ಸೊಂಟಕ್ಕೆ ಪೆಟ್ಟು.

ಗುಮಾಸ್ತ: ನೀರು ಎಳ್ಕೊಳ್ಳೋದು ಹೇಗಿದೆ?

ಹೆಂಡತಿ: ಅದಕ್ಕೇನೂ ತೊಂದರೆ ಇಲ್ಲ. ಕೊಳವೆ ಹಾಕಿ ಕೊಟ್ರೆ ಚೆನ್ನಾಗೇ ಒಳಗೆ ಹೋಗುತ್ತೆ.

ಗುಮಾಸ್ತ: ತಿರುಗೋದು?

ಹೆಂಡತಿ: ತಾನಾಗೇ ಆಗಲ್ಲ. ನಾನು ಭುಜ ಹಿಡ್ಕೋತೀನಿ, ಇವರು ಕಾಲು ಹಿಡ್ಕೋತಾರೆ. ಎರಡು ಗಂಟೆಗೊಂದು ಸಲ ಮಗ್ಗುಲು ಬದಲಾಯಿಸ್ತೀವಿ.

ಗುಮಾಸ್ತನ ಬೆರಳು ನಿಂತಿತು.

ಗುಮಾಸ್ತ: ಮೆಷಿನ್ನನ್ನಾ?

ಹೆಂಡತಿ: ಮೆಷಿನ್ನಿಗೆ ಎಲ್ಲಿದೆ ರೀ ಮಗ್ಗುಲು? ನೀವು ಕೇಳಿದ್ದು ಅತ್ತೆ ವಿಷಯ ಅಲ್ವಾ?

ಗುಮಾಸ್ತ: ಅಯ್ಯೋ, ಎಲ್ಲಾ ಮೆಷಿನ್ ಕಾಲಂನಲ್ಲಿ ಹಾಕ್ಬಿಟ್ಟೆ.

ಗಂಡ: ಅಳಿಸಿ. ದಾಖಲೆ ಅಂದ್ಮೇಲೆ ಸರಿಯಾಗಿರಬೇಕು. ಮೆಷಿನ್ನಿಗೆ ಎರಡು ವರ್ಷ ಎಂಟು ದಿನ. ಬಿದ್ದಿಲ್ಲ. ನೀರು ಎಳೆಯುತ್ತೆ. ತಿರುಗಲ್ಲ. ಬರ್ಕೊಳ್ಳಿ.

ಗುಮಾಸ್ತ ಅಳಿಸಿ ಬರೆದುಕೊಂಡ. ಆಮೇಲೆ ಒಂದು ಹಾಳೆಯನ್ನು ಗಾಜಿನ ಕೆಳಗಿನ ಸಂದಿಯಿಂದ ಈಚೆಗೆ ತಳ್ಳಿದ.

ಗುಮಾಸ್ತ: ನಿನ್ನೆ ನಿಮ್ಮ ಮನೆಗೆ ಬಂದಿದ್ದ ನಮ್ಮ ಮೆಕ್ಯಾನಿಕ್ ಕೊಟ್ಟ ವರದಿ. ಮೋಟಾರ್ ಬಿಗಿಯಾಗಿ, ಅದರ ಭಾರಕ್ಕೆ ಎಲೆಕ್ಟ್ರಾನಿಕ್ ಬೋರ್ಡ್ ಸುಟ್ಟಿದೆ. ಎರಡೂ ಹೊಸದು ಹಾಕಬೇಕು. ವಾರಂಟಿ ಇದ್ದಿದ್ರೆ ಉಚಿತ. ಈಗ ಪೂರ್ತಿ ಖರ್ಚು ನಿಮ್ಮದು. ಕೆಳಗಡೆ ಬರೆದಿದೆ.

ಹೆಂಡತಿ ಕೆಳಗಡೆ ನೋಡಿದರು.

ಹೆಂಡತಿ: ಇದರ ಮೇಲೆ ಇನ್ನೊಂದಿಷ್ಟು ಹಾಕಿದ್ರೆ ಹೊಸ ಮೆಷಿನ್ನೇ ಬರುತ್ತಲ್ರೀ.

ಗುಮಾಸ್ತ: ನಾನೂ ಅದನ್ನೇ ಹೇಳೋಣ ಅಂತಿದ್ದೆ. ಹಳೇದು ಕೊಟ್ಟು ಹೊಸದು ತಗೊಳ್ಳಿ. ಮತ್ತೆ ಎರಡು ವರ್ಷ ವಾರಂಟಿ.

ಹೆಂಡತಿ: ಆಮೇಲೆ ಎರಡು ವರ್ಷ ಮೂರು ದಿನಕ್ಕೆ ಮತ್ತೆ ನಿಮ್ಮ ಮುಖ ನೋಡೋಕೆ ಬರಬೇಕಾ? ನಾನು ಮೂರು ತಿಂಗಳ ಹಿಂದೆನೇ ದೂರು ಕೊಟ್ಟಿದ್ದೆ, ಗರಗರ ಅಂತ ಸದ್ದು ಬರುತ್ತೆ ಅಂತ. ಆಗ ವಾರಂಟಿ ಇತ್ತಲ್ಲ?

ಗುಮಾಸ್ತ: ಇತ್ತು. ಮೆಕ್ಯಾನಿಕ್ ಬಂದು ನೋಡಿ ಹೋಗಿದ್ದಾರೆ. ಆದ್ರೆ ಸದ್ದು ಬಂದಿದ್ದು ಬೇರೆ, ನಿಂತುಹೋಗಿದ್ದು ಬೇರೆ ಮೇಡಂ.

ಹೆಂಡತಿ: ಕೆಮ್ಮಿದ್ದು ಬೇರೆ, ಉಸಿರು ನಿಂತಿದ್ದು ಬೇರೆ ಅನ್ನೋ ಹಾಗೆ. ಬಂದವರು ಏನು ಮಾಡಿದ್ರು ಗೊತ್ತಾ? ಮೆಷಿನ್ನಿಗೆ ಕಿವಿ ಇಟ್ಟು ಕೇಳಿದ್ರು. ಒಂದು ತಿರುಪು ಬಿಚ್ಚಲಿಲ್ಲ. ‘ಸದ್ದು ಸಹಜ’ ಅಂತ ಚೀಟೀಲಿ ಬರೆದ್ರು, ಕಾಫಿ ಕುಡಿದ್ರು, ಹೋದ್ರು.

ಗಂಡ: ಕಾಫಿ ನೀನೇ ತಾನೇ ಕೊಟ್ಟಿದ್ದು?

ಹೆಂಡತಿ: ಅದೂ ನಂದೇ ತಪ್ಪಾ? ನೋಡಿ ಗುಮಾಸ್ತರೇ, ನಾನು ಸಾವಿರಾರು ಮಕ್ಕಳನ್ನ ಕೈಗೆ ತಗೊಂಡವಳು. ಹುಟ್ಟುವಾಗಲೇ ಇರೋ ತೊಂದರೆ ಕೆಲವು ಮಕ್ಕಳಲ್ಲಿ ವರ್ಷ ಕಳೆದ ಮೇಲೆ ಕಾಣಿಸುತ್ತೆ. ಕಂಡಿದ್ದು ಇವತ್ತು ಅಂತ, ಬಂದಿದ್ದೂ ಇವತ್ತೇ ಅಂತ ಬರೀತೀವಾ? ಫ್ಯಾಕ್ಟರಿಯಿಂದ ಬರುವಾಗಲೇ ಮೋಟಾರ್ ಸರಿ ಇಲ್ದಿದ್ರೆ, ವಾರಂಟಿ ಮುಗಿದ ತಕ್ಷಣ ಅದು ನನ್ನ ತಪ್ಪಾಗುತ್ತಾ? ಗ್ರಾಹಕರ ನ್ಯಾಯಾಲಯ ಅಂತ ಒಂದಿದೆ. ನಾನು ಅಲ್ಲಿಗೆ ಹೋಗೋಳೇ.

ಗಂಡ: ಅಲ್ಲಿಗೆ ಹೋದ್ರೂ ಮೊದಲು ತಾರೀಖು ಕೇಳ್ತಾರೆ.

ಹೆಂಡತಿ: ಕೇಳಲಿ. ನಿಮ್ಮನ್ನ ಮನೇಲಿ ಬಿಟ್ಟು ಹೋಗ್ತೀನಿ.

ಅಷ್ಟರಲ್ಲಿ ಗಂಡನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಮನೆಯಲ್ಲಿ ಪಕ್ಕದ ಮನೆಯಾಕೆಯನ್ನು ಕಾವಲಿಟ್ಟು ಬಂದಿದ್ದರು. ಆಕೆಯ ಫೋನಿನಿಂದ ಮಾತಾಡಿದ್ದು ಗಂಡನ ತಾಯಿ. ಸೊಂಟಕ್ಕೆ ಪೆಟ್ಟಾಗಿದ್ದರೂ ಗಂಟಲಿಗೆ ಏನೂ ಆಗಿರಲಿಲ್ಲ. ಕುರ್ಚಿಗಳಲ್ಲಿ ಕುಳಿತವರಿಗೂ ಕೇಳಿಸಿತು.

ತಾಯಿ: ಆಯ್ತೇನೋ ಕೆಲಸ?

ಗಂಡ: ಮಾತಾಡ್ತಾ ಇದ್ದೀವಮ್ಮ.

ತಾಯಿ: ಯಾರು ಮಾತಾಡ್ತಿರೋದು? ನೀನಾ, ಅವಳಾ?

ಗಂಡ: ಇಬ್ಬರೂ.

ತಾಯಿ: ನೀನು ಸುಮ್ನಿರು. ನೀನು ಬಾಯಿ ಬಿಟ್ರೆ ಕೆಟ್ಟ ಮೆಷಿನ್ನೂ ಅವರಿಗೇ ಕೊಟ್ಟು ಬರ್ತೀಯ. ಅವಳು ಮಾತಾಡ್ಲಿ. ಇನ್ನೊಂದು ವಿಷಯ, ನೀನು ಬೆಳಿಗ್ಗೆ ಹಾಸಿದ್ದೀಯಲ್ಲ, ಅದು ರಟ್ಟಿನ ಹಾಗಿದೆ ಕಣೋ. ಸೋಪು ಹೋಗೇ ಇಲ್ಲ. ಬೆನ್ನು ಉಜ್ಜಿ ಉರೀತಿದೆ. ಬೈತಿಲ್ಲ ನಿನ್ನ, ನೀನು ಕಷ್ಟಪಟ್ಟು ಒಗೀತೀಯ, ಗೊತ್ತು. ಹೇಳ್ದೆ ಅಷ್ಟೆ.

ಫೋನು ನಿಂತಿತು. ಗಂಡ ಅದನ್ನು ಜೇಬಿಗೆ ಹಾಕಿಕೊಳ್ಳಲಿಲ್ಲ, ಕೈಯಲ್ಲೇ ಹಿಡಿದು ನಿಂತರು. ಹೆಂಡತಿಗೆ ಕೈ ನೋವೆಂದು ಗುರುವಾರದಿಂದ ಹಾಸುಗಳನ್ನು ಅವರೇ ಒಗೆಯುತ್ತಿದ್ದರು. ಬೆರಳುಗಳ ತುದಿ ಬಿಳಿಚಿಕೊಂಡು ಸುಕ್ಕಾಗಿತ್ತು. ಗುಮಾಸ್ತನೂ ಅದನ್ನು ನೋಡಿದ.

ಗುಮಾಸ್ತ: ಸರ್, ನನ್ನ ಕೈಯಲ್ಲಿದ್ದಿದ್ರೆ ಈಗ್ಲೇ ಮಾಡ್ಕೊಡ್ತಿದ್ದೆ. ನಿಯಮ ಹೀಗಿದೆ, ನಾನೇನು ಮಾಡಲಿ? ಬೇಕಿದ್ರೆ ನೀವೇ ಓದಿ.

ಅವನು ಡ್ರಾಯರಿನಿಂದ ಸಣ್ಣದೊಂದು ಪುಸ್ತಿಕೆ ತೆಗೆದು ಕೊಟ್ಟ.

ಹೆಂಡತಿ: ಇವರಿಗೆ ಕೊಡಬೇಡಿ. ಪೂರ್ತಿ ಓದ್ತಾರೆ.

ಗುಮಾಸ್ತ: ಓದಲಿ ಬಿಡಿ ಮೇಡಂ. ಇಲ್ಲಿವರೆಗೆ ಯಾರೂ ಎರಡನೇ ಪುಟ ದಾಟಿಲ್ಲ.

ಗಂಡ ಕನ್ನಡಕ ಒರೆಸಿ ಹಾಕಿಕೊಂಡರು. ಪುಸ್ತಿಕೆಯನ್ನು ಬೆಳಕಿಗೆ ಹಿಡಿದು, ಮೊದಲ ಪುಟದ ಮೊದಲ ಸಾಲಿನಿಂದ ಶುರುಮಾಡಿದರು. ಅಕ್ಷರಗಳು ಇರುವೆ ಸಾಲಿನಂತಿದ್ದವು. ಎರಡನೇ ಪುಟ ಆಯಿತು. ಮೂರನೆಯದಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಆಕಳಿಸಿದರು.

ಗುಮಾಸ್ತ: ಸರ್, ಜನ ಕಾಯ್ತಿದ್ದಾರೆ.

ಗಂಡ: ನಿಯಮ ಓದಿ ಅಂದವರು ನೀವು. ಈ ಹನ್ನೊಂದನೇ ಕಲಂ ಓದಿದ್ದೀರಾ?

ಗುಮಾಸ್ತ: ಅಲ್ಲಿ ತನಕ ಹೋಗಿಲ್ಲ ಸರ್.

ಗಂಡ: ಕೇಳಿಸ್ಕೊಳ್ಳಿ. ‘ವಾರಂಟಿ ಅವಧಿಯಲ್ಲಿ ದಾಖಲಾದ ದೂರು ಮುಕ್ತಾಯಗೊಳ್ಳುವವರೆಗೆ, ಆ ದೋಷಕ್ಕೂ ಅದರಿಂದ ಉಂಟಾಗುವ ಹಾನಿಗೂ ವಾರಂಟಿ ಜಾರಿಯಲ್ಲಿರುತ್ತದೆ. ಗ್ರಾಹಕರು ಕೆಲಸದ ಚೀಟಿಗೆ ಸಹಿ ಮಾಡಿದ ನಂತರವೇ ದೂರು ಮುಕ್ತಾಯವಾಯಿತೆಂದು ಪರಿಗಣಿಸಲಾಗುವುದು.’ ಏನೇ, ಆ ಸದ್ದಿನ ಚೀಟಿಗೆ ಸಹಿ ಹಾಕಿದ್ಯಾ ನೀನು?

ಹೆಂಡತಿ: ಯಾಕೆ ಹಾಕ್ಲಿ? ಅವರು ಮುಟ್ಟಲೇ ಇಲ್ಲ. ರಿಪೇರಿ ಮಾಡಿದ ಮೇಲೆ ಬನ್ನಿ, ಹಾಕ್ತೀನಿ ಅಂದೆ. ಅವರು ಬರಲೇ ಇಲ್ಲ.

ಹೆಂಡತಿ ಎಡಗೈಯಿಂದ ಚೀಲ ತಡಕಿ ಮಡಚಿದ ಚೀಟಿಯನ್ನು ಹೊರತೆಗೆದರು. ‘ಗ್ರಾಹಕರ ಸಹಿ’ ಎಂದಿದ್ದ ಕಡೆ ಖಾಲಿ. ಗಂಡ ಅದನ್ನು ಗಾಜಿಗೆ ಒತ್ತಿ ಹಿಡಿದರು.

ಗಂಡ: ನಿಮ್ಮ ಕಂಪ್ಯೂಟರಿನಲ್ಲಿ ಈ ದೂರು ಏನಾಗಿದೆ, ನೋಡಿ ಹೇಳಿ.

ಗುಮಾಸ್ತ ನೋಡಿದ. ಮತ್ತೊಮ್ಮೆ ನೋಡಿದ.

ಗುಮಾಸ್ತ: ಬಾಕಿ ಅಂತ ತೋರಿಸ್ತಿದೆ.

ಹೆಂಡತಿ: ಅಂದ್ರೆ?

ಗಂಡ: ಅಂದ್ರೆ ಸದ್ದಿನ ದೂರು ಮುಗಿದಿಲ್ಲ. ಸದ್ದು ಮೋಟಾರಿಂದು. ಮೋಟಾರ್ ಬಿಗಿಯಾಗಿ ಬೋರ್ಡ್ ಸುಟ್ಟಿದ್ದು ಅಂತ ಇವರದೇ ವರದಿ. ಬೇರೆಯವರಿಗೆ ಸೋಮವಾರ ಮುಗಿದಿರಬಹುದು, ನಮ್ಮ ಮೋಟಾರಿಗೆ ಇನ್ನೂ ಮುಗಿದಿಲ್ಲ.

ಗುಮಾಸ್ತ ಮೆಲ್ಲಗೆ ಒಂದು ಪೆನ್ನನ್ನು ಗಾಜಿನ ಸಂದಿಯಿಂದ ಈಚೆಗೆ ಉರುಳಿಸಿದ.

ಗುಮಾಸ್ತ: ಮೇಡಂ, ಆ ಹಳೇ ಚೀಟಿಗೆ ಒಂದು ಸಣ್ಣ ಸಹಿ ಹಾಕ್ಬಿಡಿ. ನಮ್ಮ ಫೈಲ್ ಸರಿಹೋಗ್ಲಿ. ಆಮೇಲೆ ನಿಧಾನವಾಗಿ ಮಾತಾಡೋಣ.

ಹೆಂಡತಿ ಪಟ್ಟಿ ಸುತ್ತಿದ ಕೈಯನ್ನು ಎತ್ತಿ ತೋರಿಸಿದರು.

ಹೆಂಡತಿ: ಆಗಲ್ಲಪ್ಪ. ತುಂಬಾ ನೋವು.

ಗಂಡ: ಬೆಳಿಗ್ಗೆ ಅದೇ ಕೈಯಲ್ಲಿ...

ಹೆಂಡತಿ ಅವರ ಕಾಲು ತುಳಿದರು. ಗಂಡ ಪೆನ್ನನ್ನು ಎತ್ತಿ ಬಂದ ದಾರಿಯಲ್ಲೇ ಆಚೆಗೆ ಉರುಳಿಸಿದರು.

ಗಂಡ: ನೋಡಪ್ಪ, ರೈಲು ಹತ್ತಿ ಕೂತ ಮೇಲೆ ಹಳೇ ಪಾಸಿಗೆ ಸೀಲು ಹಾಕಿಸ್ಕೊಳ್ಳೋಕೆ ನೋಡೋರನ್ನ ನಾನು ತುಂಬಾ ಜನ ಕಂಡಿದ್ದೀನಿ. ಎಲ್ಲರೂ ನಿಮ್ಮ ಹಾಗೇ ಮೆತ್ತಗೆ ಮಾತಾಡ್ತಿದ್ರು. ಮೇಲಿನವರಿಗೆ ಫೋನ್ ಮಾಡಿ.

ಗುಮಾಸ್ತ ಮೇಲಿನ ಮಹಡಿಯ ಅಧಿಕಾರಿಗೆ ಫೋನ್ ಮಾಡಿದ. ‘ಹೌದು ಸರ್’ ಅಂದ. ‘ಇಲ್ಲ ಸರ್, ಸಹಿ ಇಲ್ಲ’ ಅಂದ. ‘ಪ್ರಯತ್ನಪಟ್ಟೆ ಸರ್, ಕೈ ನೋವಂತೆ’ ಅಂದ. ಬಹಳ ಹೊತ್ತು ಕೇಳಿಸಿಕೊಂಡ. ‘ಹನ್ನೊಂದನೇ ಕಲಂ ಸರ್. ಇಲ್ಲ, ನಾನು ತೋರಿಸಿದ್ದಲ್ಲ, ಅವರೇ ಓದಿದ್ರು’ ಅಂದು ಫೋನ್ ಇಟ್ಟ.

ಗುಮಾಸ್ತ: ಆಯ್ತು ಸರ್. ಮೋಟಾರ್, ಬೋರ್ಡ್ ಎರಡೂ ಹೊಸದು, ಉಚಿತ. ಮಧ್ಯಾಹ್ನವೇ ಮೆಕ್ಯಾನಿಕ್ ಬರ್ತಾರೆ.

ಹೆಂಡತಿಯ ಮುಖ ಅರಳಿತು. ಗಂಡನ ತೋಳಿನ ಮೇಲೆ ಕೈ ಇಟ್ಟರು.

ಹೆಂಡತಿ: ನಡೀರಿ, ಹೋಗೋಣ. ಅತ್ತೆಗೆ ಹೇಳಬೇಕು.

ಗಂಡ: ಇರು. ಬಾಯಿಮಾತು ಬೇಡ. ಬರೆದು, ಸೀಲು ಹೊಡೆದು, ತಾರೀಖು ಹಾಕಿ ಕೊಡಲಿ.

ಗುಮಾಸ್ತ ಬರೆದ, ಸೀಲು ಹೊಡೆದ, ತಾರೀಖು ಹಾಕಿದ. ಕೊಡುವಾಗ ಮಾತ್ರ ಹಾಳೆಯ ತುದಿಯನ್ನು ಬಿಡಲಿಲ್ಲ. ದನಿ ತಗ್ಗಿಸಿದ.

ಗುಮಾಸ್ತ: ಸರ್, ಒಂದು ಮಾತು. ಆ ಹನ್ನೊಂದನೇ ಕಲಂ ವಿಷಯ ಹೊರಗೆ ಹೋಗ್ತಾ ಯಾರಿಗೂ ಹೇಳಬೇಡಿ.

ಗಂಡ: ಯಾರಿಗೆ ಹೇಳ್ತೀನಿ?

ಗುಮಾಸ್ತ: ಕಿಟಕಿ ಹತ್ತಿರ, ಹಸಿರು ಚೀಲ ಇಟ್ಕೊಂಡು ಕೂತಿದ್ದಾಳಲ್ಲ, ಅವಳಿಗೆ. ನಮ್ಮ ಮನೆಯವಳು.

ಇಬ್ಬರೂ ತಿರುಗಿ ನೋಡಿದರು. ಹಸಿರು ಚೀಲದಾಕೆ ಕೈಯಲ್ಲಿ ಟೋಕನ್ ಹಿಡಿದು, ಗುಮಾಸ್ತನ ಮೇಲೆ ನಟ್ಟ ನೋಟವನ್ನು ಕೀಳದೆ ಕುಳಿತಿದ್ದಳು.

ಹೆಂಡತಿ: ಯಾಕೆ, ಊಟ ತಂದಿದ್ದಾರಾ?

ಗುಮಾಸ್ತ: ದೂರು ತಂದಿದ್ದಾಳೆ ಮೇಡಂ. ನಮ್ಮ ಮನೇಲೂ ಇದೇ ಮೆಷಿನ್ನು. ಮೂರು ತಿಂಗಳಿಂದ ಗರಗರ. ಆಗಲೇ ಫೋನ್ ಮಾಡಿ ದೂರೂ ಬರೆಸಿದ್ಲು, ಚೀಟಿಗೆ ಇನ್ನೂ ಸಹಿ ಹಾಕಿಲ್ಲ. ದಿನಾ ಹೇಳ್ತಿದ್ಲು. ‘ಸದ್ದು ಸಹಜ’ ಅಂತ ನಾನೂ ದಿನಾ ಹೇಳ್ತಿದ್ದೆ. ಭಾನುವಾರ ನಿಂತುಹೋಯ್ತು. ವಾರಂಟಿ ಮುಗಿದಿದೆ ಅಂದೆ. ಮನೇಲಿ ಹೇಳಿದ್ರೆ ಕೇಳಲ್ಲ, ಕೌಂಟರಿಗೇ ಬರ್ತೀನಿ ಅಂದ್ಲು. ಬೆಳಿಗ್ಗೆ ನನ್ನ ಜೊತೆನೇ ಹೊರಟು ಬಂದು ಟೋಕನ್ ತಗೊಂಡಳು.

ಗಂಡ ಹಾಳೆಯನ್ನು ಅವನ ಕೈಯಿಂದ ಬಿಡಿಸಿಕೊಂಡು ಜೇಬಿಗೆ ಹಾಕಿಕೊಂಡರು. ಬಾಗಿಲ ಕಡೆಗೆ ಹೊರಟವರು ಕಿಟಕಿಯ ಹತ್ತಿರ ನಿಂತರು. ಪುಸ್ತಿಕೆ ಇನ್ನೂ ಅವರ ಕೈಯಲ್ಲೇ ಇತ್ತು. ಅದನ್ನು ಹಸಿರು ಚೀಲದ ಮೇಲಿಟ್ಟರು.

ಗಂಡ: ಹನ್ನೊಂದನೇ ಕಲಂ ಓದ್ಕೊಳ್ಳಿ ತಾಯಿ. ಎಷ್ಟೇ ಮೆತ್ತಗೆ ಮಾತಾಡಿದ್ರೂ, ಆ ಮನುಷ್ಯ ಮುಂದಿಟ್ಟ ಕಾಗದಕ್ಕೆ ಸಹಿ ಮಾತ್ರ ಹಾಕಬೇಡಿ.

ಆಕೆ ಎದ್ದು, ಸೆರಗು ಸರಿಮಾಡಿಕೊಂಡು, ಕೌಂಟರಿನ ಕಡೆ ನೋಡಿದಳು.

ಆಕೆ: ಹದಿನೆಂಟು ವರ್ಷದ ಹಿಂದೆ ಹೇಳಬಾರದಿತ್ತಾ ಸರ್? ಮದುವೆ ಕಾಗದಕ್ಕೆ ಆಗಲೇ ಹಾಕ್ಬಿಟ್ಟೆ.