ಅಮ್ಮನ ಹುಣಸೆಬೀಜ

"ಬೀಗರು ಕಾಲಿಡೋದ್ರೊಳಗೆ ಈ ಮನೇಲಿ ಒಂದೇ ಒಂದು ಹಳೇ ಸ್ವಿಚ್ಚು ಇರಬಾರ್ದು!"

ಕೋಗಿಲಿನ ಮುನಿಆಂಜಿನಪ್ಪನವರು ಹೊರಡಿಸಿದ ಈ ರಾಜಾಜ್ಞೆಗೆ ಹೆಂಡತಿ ಗೋಪಾಲಮ್ಮ ಕಾಯಿ ತುರಿಯುತ್ತಲೇ ಕೇಳಿದರು: "ಅತ್ತೆಮ್ಮ ಅಂಟಿಸಿದ್ ಹುಣಸೇಬೀಜ?"

"ಅದೂ ಗುಜರಿಗೇ! ಬೀಗರು ನೋಡಿದ್ರೆ ನಗಲ್ವಾ?"

ಕಣ್ಣಿಗೆ ಪೊರೆ ಬಂದ ವರ್ಷ ಅವರ ತಾಯಿ ಮುನಿಶಾಮಮ್ಮ, ಎಂಟು ಸ್ವಿಚ್ಚುಗಳಲ್ಲಿ ನೀರಿನ ಮೋಟಾರಿನದು ಯಾವುದೆಂದು ತಡವಿ ತಿಳಿಯಲು ಅಂಟಿಸಿಕೊಂಡ ಬೀಜ ಅದು. ಬೆಳಿಗ್ಗೆ ಆರಕ್ಕೆ ಟಕ್ ಎಂಬ ಸದ್ದು, ಹಿಂದೆಯೇ "ಏಳೋ ಆಂಜಿ, ನೀರ್ ಬಂತು" ಎಂಬ ಕೂಗು. ಅಮ್ಮ ಹೋಗಿ ಆರು ವರ್ಷವಾದರೂ ಆ ಟಕ್ ಕೇಳಿದರೆ ಅವರಿಗೆ ಇನ್ನೂ ಹಾಸಿಗೆಯಲ್ಲೇ ಹೊರಳಬೇಕೆನಿಸುತ್ತಿತ್ತು. ಆದರೆ ಬೀಗರ ಮನೆಯಲ್ಲಿ ಗಾಜಿನ ಟಚ್ ಪ್ಯಾನೆಲ್ ಇತ್ತಲ್ಲ!

"ಎಲ್ಲಾ ಒಂದೇ ತರ ನುಣ್ಣಗಿರ್ತದೆ ಸಾರ್, ನೋಡ್ಕೊಂಡೇ ಮುಟ್ಬೇಕು," ಎಂದ ಅಂಥದ್ದನ್ನೇ ಕೂರಿಸಲು ಬಂದ ಎಲೆಕ್ಟ್ರಿಷಿಯನ್ ಅಕ್ಬರ್ ಪಾಷಾ.

"ನನ್ದು ಹದ್ದಿನ ಕಣ್ಣು ಕಣಯ್ಯಾ!"

ಭಾನುವಾರ ಹತ್ತಕ್ಕೆ ಬೀಗರು ಬರಬೇಕು. ಒಂಬತ್ತೂವರೆಗೆ ಮುನಿಆಂಜಿನಪ್ಪನವರು ಬಚ್ಚಲಲ್ಲಿ ತಲೆಗೆ, ಮುಖಕ್ಕೆ ಸೋಪು ಬಳಿದುಕೊಂಡು ನಿಂತಾಗ ನಲ್ಲಿ ಎರಡು ಸಲ ಕೆಮ್ಮಿ ಸುಮ್ಮನಾಯಿತು.

"ಗೋಪಾಲೂ, ಮೋಟ್ರು!"

ಗೋಪಾಲಮ್ಮ ಗೇಟಿನ ಹತ್ತಿರ, ಬೇಗನೇ ಬಂದುಬಿಟ್ಟ ಬೀಗರನ್ನು ಎದುರುಗೊಳ್ಳುತ್ತಿದ್ದರು. ಟವೆಲ್ಲು ಸುತ್ತಿ, ಕಣ್ಣು ಬಿಗಿಯಾಗಿ ಮುಚ್ಚಿ, ಗೋಡೆ ಹಿಡಿದು ಅಡುಗೆಮನೆಗೆ ಬಂದ ಹದ್ದು ಗಾಜನ್ನು ತಡವಿತು. ಫ್ಯಾನು ತಿರುಗಿತು! ಮತ್ತೆ ತಡವಿದರೆ ಚಿಮ್ನಿ ಭೋರೆಂದಿತು! ಮಿಕ್ಸಿಯ ಗುಂಡಿಯನ್ನು ಹಾಗೇ ಬಿಟ್ಟು ಗೋಡೆಯ ಸ್ವಿಚ್ಚಿನಲ್ಲೇ ಆರಿಸುವುದು ಗೋಪಾಲಮ್ಮನವರ ರೂಢಿ. ಮುಂದಿನ ಸ್ಪರ್ಶಕ್ಕೆ ಮುಚ್ಚಳವಿಲ್ಲದ ಚಟ್ನಿ ಸೂರಿಗೆ ಹಾರಿ ಅವರ ನೆತ್ತಿಗಿಳಿಯಿತು. ಎದ್ದು ಕೂರದೆ ಉಳಿದದ್ದು ಮೋಟಾರೊಂದೇ.

ಬೆರಳು ತನಗೆ ತಾನೇ ಆ ಬೀಜವನ್ನು ಹುಡುಕುತ್ತಿತ್ತು. ಅಮ್ಮನಿಗೆ ದಿನಾ ಹೀಗೇ ಇತ್ತೆಂದು ಇಷ್ಟು ವರ್ಷ ಹೊಳೆದಿರಲಿಲ್ಲ. ಕಣ್ಣುರಿಯ ಜೊತೆಗೆ ಇನ್ನೇನೋ ಸೇರಿ, "ಅಮ್ಮಾ!" ಎಂದು ಕೂಗಿಯೇಬಿಟ್ಟರು.

"ಯಾಕ್ ಬೀಗರೇ, ಇಂಗೆ ನಿಂತಿದ್ದೀರಿ?"

ಬೀಗರಾದ ಮಹಾಲಿಂಗಪ್ಪನವರ ದನಿ! ಹದ್ದು ಬಚ್ಚಲಿಗೆ ಓಡಿತು. ಗೋಪಾಲಮ್ಮ ಮೋಟಾರು ಹಾಕಿದರು.

ಸ್ನಾನ ಮುಗಿಸಿ ತಲೆ ತಗ್ಗಿಸಿಕೊಂಡು ಬಂದರೆ, ಹೊಳೆಯುವ ಗಾಜಿನ ಮೇಲೆ ಮೋಟಾರಿನ ಗುರುತಿನ ಪಕ್ಕದಲ್ಲಿ ಅದೇ ಹುಣಸೆಬೀಜ! ಗೋಪಾಲಮ್ಮ ಅದನ್ನು ಸ್ವಿಚ್ಚು ಬದಲಿಸಿದ ದಿನವೇ ಕಿತ್ತು ಸಾಸಿವೆ ಡಬ್ಬಿಯಲ್ಲಿ ಇಟ್ಟುಕೊಂಡಿದ್ದು, ಈಗ ತಂದು ಅಂಟಿಸಿದ್ದರು. ಮಹಾಲಿಂಗಪ್ಪನವರು ಅದನ್ನು ಆಸೆಯಿಂದ ಸವರಿ ಸವರಿ ನೋಡುತ್ತಿದ್ದರು.

"ಬೀಗರೇ, ಇದೆಲ್ಲಿ ಸಿಗ್ತದೆ? ಆ ಹಾಳ್ ಗಾಜು ಹಾಕಿಸ್ದಾಗಿಂದ ಒಂದ್ ಫ್ಯಾನ್ ಹಾಕಕ್ಕೂ ನಿಮ್ ಮಗಳನ್ನೇ ಕೂಗ್ಬೇಕು."

ಮುನಿಆಂಜಿನಪ್ಪನವರ ಎದೆ ಉಬ್ಬಿತು. "ಅದು ಅಂಗ್ಡೀಲಿ ಸಿಗಲ್ಲ ಬೀಗರೇ. ನಮ್ಮಮ್ಮನ ಕಂಪ್ನಿ ಮಾಲು!"

ಸೂರಿನ ಚಟ್ನಿ ಒರೆಸುತ್ತಿದ್ದ ಗೋಪಾಲಮ್ಮ ಸ್ಟೂಲಿನ ಮೇಲಿಂದಲೇ ಹೇಳಿದರು:

"ಊಂ, ಮೊನ್ನೆ ಗುಜರಿಗೆ ಹಾಕಿದ್ರಲ್ಲ, ಅದೇ ಕಂಪ್ನಿ!"