ಹಳೇ ಅಕ್ಕನನ್ನೇ ಕಳಿಸಿ

ಕೆಲವರಿಗೆ ಹುಟ್ಟಿನಿಂದಲೇ ಕೈಗುಣ ಇರುತ್ತದೆ. ಅವರು ನೆಟ್ಟ ಗಿಡ ಬಾಡುವುದಿಲ್ಲ, ಹಾಕಿದ ಹೆಪ್ಪು ಕೆಡುವುದಿಲ್ಲ. ನನಗಿರುವುದು ಬಾಯಿಗುಣ. ಎದುರಿಗಿದ್ದವರು ಒಂದು ಮಾತನ್ನು ತಪ್ಪಾಗಿ ಆಡಿದರೆ ಅದನ್ನು ಸರಿಮಾಡದೆ ನನ್ನ ಬಾಯಿ ಮುಚ್ಚುವುದಿಲ್ಲ. ತರೀಕೆರೆಯ ಒಂದು ಸಣ್ಣ ಪ್ರೆಸ್ಸಿನಲ್ಲಿ ಲಗ್ನಪತ್ರಿಕೆ, ಕರಪತ್ರ, ಗೃಹಪ್ರವೇಶದ ಕಾರ್ಡುಗಳ ಕರಡು ತಿದ್ದುವುದು ನನ್ನ ಕೆಲಸ. ಅಲ್ಲಿ ಈ ಗುಣಕ್ಕೆ ಸಂಬಳ ಕೊಡುತ್ತಾರೆ. ಮನೆಯಲ್ಲಿ ಕೊಡುವುದಿಲ್ಲ. ಅಮ್ಮ ಪಕ್ಕದ ಮನೆಯವರ ಜೊತೆ ಜಗಲಿಯಲ್ಲಿ ಕೂತು ಹೋದ ವರ್ಷದ ಯಾವುದೋ ಮದುವೆಯ ಕಥೆ ಹೇಳುತ್ತಿದ್ದರೆ, ಅದು ಗುರುವಾರವಲ್ಲ ಬುಧವಾರ, ಪಾಯಸ ಶ್ಯಾವಿಗೆಯದಲ್ಲ ಗಸಗಸೆಯದು ಎಂದು ನಾನು ಒಳಗಿನಿಂದಲೇ ಕೂಗಿ ಹೇಳುತ್ತೇನೆ. ದಿನಚರಿ ಬರೆಯುವ ಅಭ್ಯಾಸವಿರುವುದರಿಂದ ಬೇಕಾದರೆ ಪುಟ ತೆರೆದು ತೋರಿಸಲೂ ಸಿದ್ಧ. ಅಮ್ಮನಿಗೆ ಈ ಬಗ್ಗೆ ಇರುವ ಚಿಂತೆ ಒಂದೇ. "ನಿನ್ನ ಕಟ್ಕೊಳ್ಳೋನು ಪಾಪ, ಉಪ್ಪು ಕೊಡೇ ಅನ್ನೋಕೂ ಎರಡು ಸಲ ಒಳಗೇ ಓದ್ಕೊಂಡು ಬಾಯಿ ಬಿಡ್ಬೇಕಾಗುತ್ತೆ ಕಣೇ" ಅನ್ನುತ್ತಾಳೆ.

ಇಂಥ ಗುಣವಿರುವವರು ಸಮಾಜಸೇವೆಗೆ ಹೋಗಬಾರದು. ಆದರೆ ಸಮಾಜಸೇವೆ ಈಗ ಮೊಬೈಲಿನಲ್ಲೇ ಮನೆಬಾಗಿಲಿಗೆ ಬರುತ್ತದೆ. ಕಡೂರಿನ ಮಂಜುಳಾ ಮೇಡಂ ಕಾಲೇಜಿನಲ್ಲಿ ಪಾಠ ಹೇಳುವವರು. ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳಿಗಾಗಿ ಅವರು ಮೊಬೈಲಿನಲ್ಲಿ ಒಂದು ಗುಂಪು ಕಟ್ಟಿದ್ದರು. ಸಂಜೆ ಅರ್ಧ ಗಂಟೆ ಒಂದು ಮಗು ಫೋನಿನಲ್ಲಿ ಗಟ್ಟಿಯಾಗಿ ಓದುತ್ತದೆ, ಒಬ್ಬ ಸ್ವಯಂಸೇವಕರು ತಮ್ಮ ಮನೆಯಲ್ಲಿ ಕೂತು ಕೇಳಿಸಿಕೊಳ್ಳುತ್ತಾರೆ. ಅಷ್ಟೇ ಕೆಲಸ. ನಾನು ಸೇರಿದ ವಾರ ಗುಂಪಿನಲ್ಲಿ ಮಕ್ಕಳ ವಿಷಯ ಇನ್ನೂ ಬಂದಿರಲಿಲ್ಲ. ಗುಂಪಿನ ಹೆಸರಿನಲ್ಲಿ ಯಾವ ಊರು ಮೊದಲು ಬರಬೇಕೆಂಬ ಚರ್ಚೆ ನಡೆದಿತ್ತು. ಕಡೂರಿನವರು ತಮ್ಮದು ಜಂಕ್ಷನ್ ಅಂದರು. ನಮ್ಮ ತರೀಕೆರೆಯವರು ಕೆಮ್ಮಣ್ಣುಗುಂಡಿಯ ಮಂಜಿನ ಫೋಟೊ ಹಾಕಿ ಸುಮ್ಮನಾದರು, ಅದಕ್ಕಿಂತ ದೊಡ್ಡ ವಾದ ಬೇಕಿಲ್ಲವೆಂಬಂತೆ. ಅಜ್ಜಂಪುರದವರು, ನಾವು ಮೊದಲಿನ ಹಾಗಲ್ಲ, ಈಗ ನಮ್ಮದೂ ತಾಲ್ಲೂಕು ಎಂದು ದಿನಕ್ಕೆರಡು ಸಲ ನೆನಪಿಸಿದರು. ಅಕಾರಾದಿಯಲ್ಲಿ ಬರೆದರೆ ಅಜ್ಜಂಪುರವೇ ಮೊದಲು ಎಂದು ನಾನು ನಿಯಮ ತೋರಿಸಿಕೊಟ್ಟೆ. ಆಮೇಲೆ ತರೀಕೆರೆಯ ಇಬ್ಬರು ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ.

ನನಗೆ ಸಿಕ್ಕಿದ ಮಗು ಸಿಂಗಟಗೆರೆಯ ಸುಜಾತಾ, ಆರನೇ ತರಗತಿ. ತಾಯಿ ಕಡೂರಿನ ಹೋಟೆಲೊಂದರಲ್ಲಿ ಪಾತ್ರೆ ತೊಳೆಯುತ್ತಾರೆ. ಮನೆಗೆ ಇರುವುದೊಂದೇ ಫೋನು, ಅದು ತಾಯಿಯ ಸೊಂಟದಲ್ಲೇ ಸಂಜೆ ಬಸ್ಸಿಗೆ ಊರಿಗೆ ಬರಬೇಕು. ಬಸ್ಸು ಬಂದರೆ ಪಾಠ, ಬಸ್ಸು ಕೆಟ್ಟರೆ ರಜೆ. ಹಗಲಲ್ಲಿ ಹುಡುಗಿಯ ಜೊತೆಗಿರುವವರು ಅಜ್ಜಿ. ಮಂಜುಳಾ ಮೇಡಂ ಹೇಳಿದ ಸಂಗತಿ ಇಷ್ಟು: ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಒಬ್ಬರು ಮುಂದೆ ನಿಂತು ಸಂವಿಧಾನದ ಪೀಠಿಕೆ ಓದಬೇಕು. ಸರದಿ ಸುಜಾತಾಳಿಗೆ ಬಂದಾಗ ಅವಳು 'ಸಾರ್ವಭೌಮ' ಎಂಬಲ್ಲಿ ನಿಂತುಬಿಟ್ಟಳು. ಹಿಂದಿನ ಸಾಲಿನವರು ನಕ್ಕರು. ಅಂದಿನಿಂದ ಅವಳು ತರಗತಿಯಲ್ಲಿ ಬಾಯಿ ತೆರೆದು ಓದಿಲ್ಲ. ಮುಂದಿನ ಸರದಿ ತಿಂಗಳ ಕೊನೆಯ ಸೋಮವಾರಕ್ಕಿದೆ. ಆ ದಿನ ಶಾಲೆಗೇ ಹೋಗುವುದಿಲ್ಲ ಎಂದು ಮನೆಯಲ್ಲಿ ಈಗಲೇ ಹೇಳಿಟ್ಟಿದ್ದಾಳೆ. ಸೋಮವಾರ ತಪ್ಪಿಸಿಕೊಂಡರೆ ಮಂಗಳವಾರ ಹೋಗುತ್ತಾಳೆ ಅನ್ನುವ ಭರವಸೆ ಅಜ್ಜಿಗೂ ಇಲ್ಲ.

ಕೇಳಿ ನನಗೆ ಮರುಕವೂ ಆಯಿತು, ಸ್ವಲ್ಪ ಖುಷಿಯೂ ಆಯಿತೆಂದು ಹೇಳಬೇಕು. ತಪ್ಪು ಓದುವ ಹುಡುಗಿ, ತಪ್ಪು ತಿದ್ದುವ ಅಕ್ಕ. ಲಗ್ನಪತ್ರಿಕೆ ಅಚ್ಚು ಹಾಕಿಸುವವರಾದರೆ ಇದಕ್ಕೆ ಗಣಕೂಟ ಅನ್ನುತ್ತಾರೆ.

ಮೇಡಂ ಕೊಟ್ಟ ನಿಯಮ ಸರಳವಾಗಿತ್ತು. ಮೊದಲು ಮಗುವಿನ ಜೊತೆ ಎರಡು ಮಾತಾಡಿ. ಅದು ಓದಲು ಶುರುಮಾಡಿದ ಕೂಡಲೇ ಪರದೆಯ ಮೇಲಿನ ಮೈಕಿನ ಚಿತ್ರ ಮುಟ್ಟಿ ನಿಮ್ಮ ದನಿ ನಿಲ್ಲಿಸಿ, ನಿಮ್ಮ ಮನೆಯ ಕುಕ್ಕರ್ ಕೂಗು ಅದಕ್ಕೆ ಕೇಳುವುದು ಬೇಡ. ತೀರಾ ಅಗತ್ಯವಿದ್ದರೆ ಮಾತ್ರ ದನಿ ಬಿಟ್ಟು ಹೇಳಿಕೊಡಿ. ತೀರಾ ಅಗತ್ಯ ಎಂದರೆ ಎಷ್ಟು ಎಂದು ಅವರು ಹೇಳಲಿಲ್ಲ. ನಾನು ಪೇಟೆಗೆ ಹೋಗಿ ಕಿವಿಗೆ ಹಾಕಿಕೊಳ್ಳುವ ತಂತಿಯೊಂದನ್ನು ಕೊಂಡು ತಂದೆ. ಅದರ ಕೊರಳಿನ ಹತ್ತಿರ ಪುಟ್ಟ ಗುಂಡಿಯಿತ್ತು. ಅದನ್ನು ಒತ್ತಿದರೆ ಮೈಕು ತೆರೆಯುತ್ತದೆ, ಬಿಟ್ಟರೆ ಮುಚ್ಚುತ್ತದೆ ಎಂದು ನಾನೇ ಅರ್ಥ ಮಾಡಿಕೊಂಡೆ. ಪ್ರತಿ ಸಂಜೆ ಮೇಜಿನ ಮೇಲೆ ಪೀಠಿಕೆಯ ಪ್ರತಿ, ಕೈಯಲ್ಲಿ ಕೆಂಪು ಪೆನ್ನು. ಕಣ್ಣು ಅಕ್ಷರದ ಮೇಲೆ, ಬೆರಳು ಗುಂಡಿಯ ಮೇಲೆ. ಸುಜಾತಾ ಶುರುಮಾಡಿದ ಕೂಡಲೇ ಪರದೆ ಮುಟ್ಟಿ ಮೈಕು ಮುಚ್ಚುವುದು, ತಪ್ಪಿದ ಕೂಡಲೇ ಗುಂಡಿ ಒತ್ತುವುದು, "ಅಲ್ಲ ಪುಟ್ಟಾ, ಇನ್ನೊಂದ್ಸಲ" ಎಂದು ಬಿಡಿಸಿ ಹೇಳುವುದು, ದಿನಚರಿಯಲ್ಲಿ ಗೆರೆ ಹಾಕುವುದು. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಆ ಪದವನ್ನು ಸರಿಯಾಗಿಯೇ ಹೇಳುತ್ತಿದ್ದಳು. ಒಮ್ಮೆಯೂ 'ಹ್ಞೂಂ' ಅನ್ನಲಿಲ್ಲ, 'ಯಾಕೆ' ಅನ್ನಲಿಲ್ಲ. ಎಂಥ ಶಿಸ್ತಿನ ಮಗು, ಎದುರುತ್ತರವೇ ಇಲ್ಲ ಎಂದು ನಾನು ಅಮ್ಮನೆದುರು ಹೊಗಳಿದೆ. ನಮ್ಮ ಮನೆಯಲ್ಲಿ ಯಾರೂ ಅಷ್ಟು ವಿನಯದಿಂದ ತಿದ್ದಿಸಿಕೊಂಡವರಿಲ್ಲ. ಕೊನೆಯಲ್ಲಿ ಪರದೆ ಮುಟ್ಟಿ, "ಚೆನ್ನಾಗಿತ್ತು, ನಾಳೆ ಸಿಗೋಣ" ಅನ್ನುತ್ತಿದ್ದೆ. "ಆಯ್ತಕ್ಕ" ಅನ್ನುತ್ತಿದ್ದಳು.

ಎರಡು ವಾರದಲ್ಲಿ ನನ್ನ ಗೆರೆಗಳು ಅರ್ಧಕ್ಕಿಳಿದವು, ಮೂರನೇ ವಾರದಲ್ಲಿ ಒಂದು ಕೈಯ ಬೆರಳುಗಳಲ್ಲಿ ಎಣಿಸುವಷ್ಟು. ಪ್ರೆಸ್ಸಿನಲ್ಲಿ ಬಿಡುವಿದ್ದಾಗ ಕೂತು ಅದರ ನಕ್ಷೆ ಮಾಡಿದೆ. ಕೆಂಪು ಗೆರೆ ಕೆಮ್ಮಣ್ಣುಗುಂಡಿಯಿಂದ ಲಿಂಗದಹಳ್ಳಿಗೆ ಇಳಿಯುವ ರಸ್ತೆಯ ಹಾಗೆ ಇಳಿದಿತ್ತು. ಗುಂಪಿಗೆ ಹಾಕಿದೆ. ಅಜ್ಜಂಪುರದವರು ಕೈಮುಗಿದ ಚಿತ್ರ ಕಳಿಸಿದರು. ಮಾತು ಬಿಟ್ಟಿದ್ದ ತರೀಕೆರೆಯ ಇಬ್ಬರೂ ಹೆಬ್ಬೆರಳು ತೋರಿಸಿದರು. ತಿದ್ದುವ ಕ್ರಮದ ಬಗ್ಗೆ ಉಳಿದವರಿಗೆ ನಾಲ್ಕು ಮಾತು ಹೇಳಿ ಎಂದು ಮೇಡಂ ಕೇಳಿದಾಗ ನಾನು ನಾಲ್ಕಲ್ಲ, ಹನ್ನೊಂದು ಅಂಶ ಬರೆದಿಟ್ಟುಕೊಂಡೆ.

ಇಷ್ಟರಲ್ಲಿ ಅಮ್ಮ ಬಟ್ಟೆ ನೆನೆಸಿದಳು. ನನ್ನ ಚೂಡಿದಾರದ ಜೇಬಿನಲ್ಲಿ ಕಿವಿಯ ತಂತಿಯಿತ್ತು. ಸೋಪಿನ ನೀರಿನಲ್ಲಿ ಎರಡು ಗಂಟೆ ಮಿಂದು, ಕಲ್ಲಿನ ಮೇಲೆ ನಾಲ್ಕು ಏಟು ತಿಂದು ಹೊರಬಂದ ಅದು ಬೆಳ್ಳಗಾಗಿತ್ತು, ಕಿವುಡಾಗಿತ್ತು. ಸೋಮವಾರಕ್ಕೆ ಇನ್ನು ಐದೇ ದಿನ. ತಂತಿಯಿಲ್ಲದಿದ್ದರೇನು ಎಂದು ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿದೆ. ಒತ್ತಲು ಗುಂಡಿಯಿಲ್ಲವಲ್ಲ, ಹಾಗಾಗಿ ಮೈಕನ್ನು ಮುಚ್ಚಲೂ ಇಲ್ಲ. ಸುಜಾತಾ ಓದತೊಡಗಿದಳು. ಎರಡನೇ ಸಾಲಿನಲ್ಲಿ ತಡವರಿಸಿದಳು. "ಅಲ್ಲ ಪುಟ್ಟಾ, ಇನ್ನೊಂದ್ಸಲ" ಅಂದೆ. ಆ ಕಡೆಯಿಂದ "ಹ್ಞಾಂ?" ಎಂದು ಬೆಚ್ಚಿದ ದನಿ ಬಂತು. ಮೂರು ವಾರದಲ್ಲಿ ಅವಳು ನಾನು ತಿದ್ದಿದ್ದಕ್ಕೆ ಮೊದಲ ಬಾರಿ ಪ್ರತಿಕ್ರಿಯೆ ಕೊಟ್ಟಿದ್ದಳು. ಆತ್ಮೀಯತೆ ಬೆಳೆಯುತ್ತಿದೆ ಎಂದುಕೊಂಡು ನಾನು ಇನ್ನಷ್ಟು ಉತ್ಸಾಹದಿಂದ ತಿದ್ದಿದೆ. ಅವಳು ಓದಿದಷ್ಟೂ ದನಿ ಸಣ್ಣದಾಯಿತು, ತಪ್ಪು ದೊಡ್ಡದಾಯಿತು. ಮತ್ತೊಮ್ಮೆ ಮೊದಲಿಂದ ಓದಿ 'ಸಾರ್ವಭೌಮ'ದ ಹತ್ತಿರ ಬರುವಷ್ಟರಲ್ಲಿ ಕರೆ ಕಡಿಯಿತು. ಸಿಂಗಟಗೆರೆಯ ನೆಟ್‌ವರ್ಕ್ ಸರಿಯಿಲ್ಲ ಎಂದು ದಿನಚರಿಯಲ್ಲಿ ಬರೆದೆ. ಮಾರನೆಯ ದಿನ ಅವಳು ಬರಲಿಲ್ಲ. ಬಸ್ಸು ಕೆಟ್ಟಿರಬೇಕು ಎಂದು ಬರೆದೆ. ಅದರ ಮಾರನೆಯ ದಿನವೂ ಬರದಿದ್ದಾಗ ಬರೆಯಲು ಏನೂ ತೋಚಲಿಲ್ಲ.

ಶನಿವಾರ ಸಂಜೆ ನಾನೇ ಫೋನು ಮಾಡಿದೆ. ಎತ್ತಿದವರು ಅಜ್ಜಿ. ಪರಿಚಯ ಹೇಳಿದೆ. ಅಜ್ಜಿಗೆ ನನ್ನ ಹೆಸರು ಕೇಳಿ ಬಹಳ ಸಮಾಧಾನವಾಯಿತು.

"ನೀನೇನವ್ವ, ದಿನಾ ಕೇಳ್ತಿದ್ದೋಳು? ಎಲ್ಲೋಗಿದ್ದೆ? ಮೊನ್ನೆ ನಿನ್ ಬದ್ಲಿಗೆ ಯಾರೋ ಬಂದಿದ್ಲಂತಲ್ಲ. ಬಾವಿಯೊಳಗಿಂದ ಮಾತಾಡ್ದಂಗಿತ್ತು ಅವಳ ದನಿ. ಮಾತ್‌ಮಾತಿಗೂ ಅಲ್ಲ ಪುಟ್ಟಾ ಅಲ್ಲ ಪುಟ್ಟಾ ಅಂತ. ಮಗ ಅವತ್ತು ಉಣ್ಲಿಲ್ಲ."

ನಾನು ಏನೋ ಹೇಳಲು ಹೋದೆ. ಅಜ್ಜಿ ಬಿಡಲಿಲ್ಲ. ಮೊಮ್ಮಗಳು ಮನೆಯಲ್ಲಿ ನನ್ನ ಬಗ್ಗೆ ಎಷ್ಟು ಹೇಳುತ್ತಿದ್ದಳೆಂದು ವಿವರಿಸಿದರು. ತರೀಕೆರೆಯಲ್ಲಿ ಒಬ್ಬ ಅಕ್ಕ ಇದ್ದಾಳೆ, ಎಷ್ಟು ತಪ್ಪಿದರೂ ಒಂದು ಮಾತಾಡುವುದಿಲ್ಲ, ನಗುವುದಿಲ್ಲ, ಮುಗಿಯುವವರೆಗೂ ಕಾದು ಆಮೇಲೆ ಚೆನ್ನಾಗಿತ್ತು ಅನ್ನುತ್ತಾಳೆ. ಅಷ್ಟು ತಾಳ್ಮೆ ಇರುವವರನ್ನು ಅಜ್ಜಿಯೂ ತಮ್ಮ ಜನ್ಮದಲ್ಲಿ ಕಂಡಿಲ್ಲವಂತೆ.

"ಆ ಹೊಸಬಳು ಬ್ಯಾಡ ಕಣವ್ವ. ಓದಿದೋಳೇ ಇರ್ಬೋದು, ನಮ್ ಹುಡುಗಿಗೆ ಆಗಾಕಿಲ್ಲ. ಹಳೇ ಅಕ್ಕನ್ನೇ ಕಳ್ಸಿ ಅಂತಾಳೆ. ಸೋಮವಾರ ಐತೆ."

ಫೋನಿಟ್ಟು ನೇರವಾಗಿ ಅಂಗಡಿಗೆ ನಡೆದೆ. ತಂತಿ ಮಾರಿದವನಿಗೆ ಗುಂಡಿಯ ವಿಷಯ ಕೇಳಿದೆ. ಅದು ಹಾಡು ನಿಲ್ಲಿಸುವುದಕ್ಕೆ ಇರುವುದೆಂದೂ, ಮೈಕಿಗೂ ಅದಕ್ಕೂ ಸಂಬಂಧವೇ ಇಲ್ಲವೆಂದೂ ಅವನು ಹೇಳಿದ. ಹಿಂದಿರುಗುವಾಗ ಬಸ್ ಸ್ಟ್ಯಾಂಡಿನ ಬೋರ್ಡುಗಳಲ್ಲಿ ಮೂರು ತಪ್ಪು ಕಂಡವು, ಯಾರಿಗೂ ಹೇಳಲಿಲ್ಲ. ಮೂರು ವಾರ ನಾನು ಬಿಡಿಸಿ, ತೂಗಿ, ಒತ್ತಿ ಹೇಳಿದ ಮಾತುಗಳನ್ನೆಲ್ಲ ಕೇಳಿದ್ದು ನಮ್ಮ ಮನೆಯ ಗೋಡೆ. ಹುಡುಗಿ ಕೇಳದೆ ಇದ್ದುದರಿಂದ ಸುಧಾರಿಸಿದ್ದಳು. ಕೇಳಿದ ಒಂದೇ ದಿನ ಊಟ ಬಿಟ್ಟಿದ್ದಳು. ತನ್ನ ಕೋಳಿ ಕೂಗಿದ್ದಕ್ಕೇ ಬೆಳಗಾಯಿತು ಎಂದು ನಂಬಿದ ಮುದುಕಿ ನಮ್ಮೂರ ಕಡೆಯ ಮಾತುಗಳಲ್ಲಿ ಆಗಾಗ ಬರುತ್ತಾಳೆ. ಅವಳಾದರೂ ನಕ್ಷೆ ಮಾಡಿ ಗುಂಪಿಗೆ ಹಾಕಿರಲಿಲ್ಲ.

ಅಮ್ಮನಿಗೆ ನಡೆದದ್ದು ಹೇಳಿದೆ. ಅವಳು ಸೆರಗನ್ನು ಬಾಯಿಗಿಟ್ಟುಕೊಂಡು ಅಡುಗೆಮನೆಗೆ ಹೋದಳು, ಬಹಳ ಹೊತ್ತು ಈಚೆಗೆ ಬರಲಿಲ್ಲ. ಬಂದಾಗ ಕೈಯಲ್ಲಿ ಒಂದು ಕೊಬ್ಬರಿ ಚೂರಿತ್ತು. "ಭಾನುವಾರ ಸಂಜೆ ಹುಡುಗಿ ಓದೋವಾಗ ಇದನ್ನ ಬಾಯಲ್ಲಿಟ್ಕೊ. ಅಗೀಬೇಡ. ಅದು ಮುಗಿಯೋವರೆಗೂ ಇದೂ ಮುಗೀಬಾರ್ದು" ಅಂದಳು.

ಭಾನುವಾರ ಹಳೇ ಅಕ್ಕ ಕೆಲಸಕ್ಕೆ ಹಾಜರಾದಳು. ಸುಜಾತಾ ಮೊದಲು ಕೇಳಿದ್ದೇ, "ಆ ಹೊಸ ಅಕ್ಕ ಇನ್ ಬರಲ್ಲ ತಾನೆ?" ಎಂದು. ಅವಳಿಗೆ ವರ್ಗವಾಯಿತು, ಕೆಮ್ಮಣ್ಣುಗುಂಡಿಗೆ ಹೋದಳು ಅಂದೆ. "ಒಳ್ಳೇದಾಯ್ತು, ಅಲ್ಲಿ ಚಳಿ" ಅಂದಳು ಹುಡುಗಿ. ಪರದೆ ಮುಟ್ಟಿ, ಮೈಕಿನ ಚಿತ್ರದ ಮೇಲೆ ಕೆಂಪು ಗೆರೆ ಬಿದ್ದಿದೆಯೇ ಎಂದು ಎರಡು ಸಲ ನೋಡಿ, ಕೊಬ್ಬರಿ ಬಾಯಿಗಿಟ್ಟುಕೊಂಡು ಕೂತೆ. ಕೆಂಪು ಪೆನ್ನನ್ನು ಅಮ್ಮ ತೆಗೆದಿಟ್ಟಿದ್ದಳು. ಮೊದಲ ತಪ್ಪಿಗೆ ನನ್ನ ನಾಲಗೆ ಕೊಬ್ಬರಿಯನ್ನು ಎಡಗೆನ್ನೆಯಿಂದ ಬಲಗೆನ್ನೆಗೆ ಒದೆಯಿತು. ಎರಡನೆಯದಕ್ಕೆ ಬೆವರು ಬಂತು. ದನಿ ಯಾರಿಗೂ ಕೇಳದಿರುವಾಗಲೂ ಸುಮ್ಮನಿರುವುದು ಎಷ್ಟು ಕಷ್ಟವೆಂಬುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಬಾಯಿಗೆ ಕೆಲಸ ತಪ್ಪಿದ್ದರಿಂದ ಕಿವಿಗೆ ಬಿಡುವಾಯಿತೋ ಏನೋ, ಮೂರು ವಾರ ಕೇಳಿಸದೆ ಇದ್ದದ್ದೊಂದು ಕೇಳಿಸಿತು. ಕಷ್ಟದ ಪದ ಬಂದಾಗ ಸುಜಾತಾ ಸುಮ್ಮನೆ ನಿಲ್ಲುತ್ತಿರಲಿಲ್ಲ. ಉಸಿರಿನಲ್ಲಿ ಅದನ್ನು ಎರಡು ಸಲ ಪಿಸುಗುಟ್ಟಿಕೊಂಡು, ಮೂರನೆಯ ಸಲ ಗಟ್ಟಿಯಾಗಿ ಹೇಳುತ್ತಿದ್ದಳು. ಅವಳ ಹಿಂದೆ ಅಜ್ಜಿಯೂ ಅದೇ ಪದವನ್ನು ತಮ್ಮಷ್ಟಕ್ಕೆ ಅನ್ನುತ್ತಿದ್ದರು, ಅರ್ಧ ತಪ್ಪು, ಅರ್ಧ ಸರಿ. ಆ ಪಿಸುಮಾತಿನ ನಡುವೆಯೇ ನಾನು ಇಷ್ಟು ದಿನ ಗುಂಡಿ ಒತ್ತಿ ಭಾಷಣ ಮಾಡುತ್ತಿದ್ದದ್ದು. ಇನ್ನೊಂದು ಸಲ ಮೊದಲಿಂದ ಓದತೊಡಗಿದಳು, 'ಸಾರ್ವಭೌಮ' ಬಂತು. ಒಂದು ಪಿಸುಮಾತು. ಕೊಬ್ಬರಿ ಸವೆಯುತ್ತಾ ಬಂದಿತ್ತು. ಎರಡನೆಯದು. ಅಮ್ಮ ಬಾಗಿಲಲ್ಲಿ ನಿಂತು ನನ್ನ ಬಾಯಿಯನ್ನೇ ನೋಡುತ್ತಿದ್ದಳು. ಮೂರನೆಯ ಸಲ ಪದ ಬಂತು, ಇಡಿಯಾಗಿ.

ಸೋಮವಾರ ಪ್ರೆಸ್ಸಿನಲ್ಲಿ ನನ್ನ ಕಣ್ಣಿಗೆ ಅಕ್ಷರ ಹತ್ತಲಿಲ್ಲ. ಒಂದು ಲಗ್ನಪತ್ರಿಕೆಯಲ್ಲಿ ವಧು ವರರ ಹೆಸರು ಅದಲುಬದಲಾಗಿ ಅಚ್ಚಾಗುವುದರಲ್ಲಿತ್ತು. ಮಾಲೀಕರು ನೋಡಿದರು, ನನ್ನನ್ನೂ ನೋಡಿದರು. ಸಂಜೆ ಬಸ್ಸು ಬರುವ ಹೊತ್ತಿಗೆ ಫೋನು ಹಿಡಿದು ಕೂತೆ. ಅವತ್ತೇ ಬಸ್ಸು ತಡ. ಕೊನೆಗೆ ಸುಜಾತಾ ಸಿಕ್ಕಳು. ಮೊದಲು ತಿಂಡಿಗೆ ಏನಿತ್ತು ಎಂಬುದನ್ನು ಹೇಳಿದಳು, ನಾನು ಕಾದೆ. ಆಮೇಲೆ ಹೇಳಿದಳು.

"ಅಲ್ಲೇ ನಿಂತ್ಬಿಟ್ಟೆ ಅಕ್ಕ. ಹಿಂದಿನವ್ರು ನಕ್ರು. ನೀವು ಫೋನಲ್ಲಿ ಸುಮ್ನೆ ಕೂತಿರ್ತೀರಲ್ಲ, ಹಂಗೇ ಎಲ್ರೂ ಕೂತವ್ರೆ ಅಂದ್ಕೊಂಡೆ. ಎರಡ್ ಸಲ ಒಳಗೇ ಹೇಳ್ಕೊಂಡೆ. ಓದ್ಬಿಟ್ಟೆ. ಕೊನೇವರ್ಗೂ."

ಯಾವತ್ತಿನ ಹಾಗೆ, ಚೆನ್ನಾಗಿತ್ತು, ನಾಳೆ ಸಿಗೋಣ ಅಂದೆ. ಗುಂಪಿನಲ್ಲಿ ವಿಷಯ ತಿಳಿದು ಅಭಿನಂದನೆಗಳು ಬಂದವು. ನಾನು ಆ ಹನ್ನೊಂದು ಅಂಶಗಳ ಹಾಳೆಯನ್ನು ಹರಿದು, ಕೊಬ್ಬರಿ ಚೂರನ್ನು ಬಾಯಲ್ಲಿಟ್ಟುಕೊಳ್ಳಿ ಎಂಬ ಒಂದೇ ಅಂಶ ಬರೆದು ಕಳಿಸಿದೆ. ಗುಂಪಿನವರು ತಮಾಷೆ ಎಂದುಕೊಂಡು ನಕ್ಕರು. ಕಡೂರಿನವರೊಬ್ಬರು ಮಾತ್ರ, ಅದು ಕಡೂರಿನ ಕೊಬ್ಬರಿಯೇ ಆಗಿರಬೇಕು ಎಂದು ತಿದ್ದುಪಡಿ ಸೂಚಿಸಿದರು.

ಹೋದ ವಾರ ಸುಜಾತಾ ಒಂದು ಹೊಸ ವ್ಯವಸ್ಥೆ ಮಾಡಿದಳು. ಯಾವಾಗಲೂ ತಾನೇ ಓದುವುದು ಬೇಜಾರು, ಒಂದು ದಿನ ನೀವು ಓದಿ, ನಾನು ನಿಮ್ಮ ಹಾಗೆ ಕೇಳುತ್ತೇನೆ ಅಂದಳು. ಒಪ್ಪಿದೆ. ಪೀಠಿಕೆಯ ಹಾಳೆ ಎದುರಿಗಿಟ್ಟುಕೊಂಡು, ಪ್ರೆಸ್ಸಿನ ಹುಡುಗಿಗೆ ತಕ್ಕ ಹಾಗೆ ತುಸು ಗತ್ತಿನಿಂದಲೇ ಶುರುಮಾಡಿದೆ. ಯಾರೋ ಕೇಳುತ್ತಿದ್ದಾರೆ ಎಂಬ ಒಂದೇ ಕಾರಣಕ್ಕೆ ಎಂಥವರ ನಾಲಗೆಯೂ ದಪ್ಪವಾಗುತ್ತದೆ ಎಂದು ಆಗ ತಿಳಿಯಿತು. ಮೂರನೇ ಸಾಲಿನಲ್ಲಿ ಒಂದು ಪದ ಹಾರಿಸಿದೆ. ತಕ್ಷಣ ಸಿಂಗಟಗೆರೆಯಿಂದ ಸ್ಪಷ್ಟವಾದ, ತಡೆಯಿಲ್ಲದ ದನಿ ಬಂತು. "ಅಲ್ಲ ಅಕ್ಕಾ, ಇನ್ನೊಂದ್ಸಲ."

ಅಡುಗೆಮನೆಯಲ್ಲಿ ಅಮ್ಮನ ಕೈಯಿಂದ ಸೌಟು ಬಿತ್ತು. ನಾನು ಇನ್ನೊಂದು ಸಲ ಓದಿದೆ. ಐದನೇ ಸಾಲಿನಲ್ಲಿ ಮತ್ತೆ ತಡೆದಳು, ಆರನೆಯದರಲ್ಲೂ. ಮೈಕಿನ ಚಿತ್ರ ಮುಟ್ಟಿದರೆ ದನಿ ನಿಲ್ಲುತ್ತದೆಂದು ಅವಳಿಗೆ ಹೇಳಿಕೊಡಬಹುದಿತ್ತು, ಹೇಳಲಿಲ್ಲ. ರಾತ್ರಿ ದಿನಚರಿಯಲ್ಲಿ ನನ್ನ ತಪ್ಪುಗಳಿಗೆ ಗೆರೆ ಹಾಕಿ, ಕೆಳಗೆ ಇಷ್ಟು ಬರೆದೆ: ಕೆಮ್ಮಣ್ಣುಗುಂಡಿಗೆ ವರ್ಗವಾಗಿದ್ದ ಹೊಸ ಅಕ್ಕ ಇವತ್ತು ಸಿಂಗಟಗೆರೆಯಲ್ಲಿ ಕೆಲಸಕ್ಕೆ ಸೇರಿಕೊಂಡಳು.