ನಾನು ಗೋಧಿ ಬಿಟ್ಟ ಮೂರು ತಿಂಗಳು

ಇನ್ನು ಮುಂದೆ ಈ ಮನೆಯಲ್ಲಿ ಗೋಧಿಯ ಒಂದು ಕಣವೂ ನನ್ನ ಅಪ್ಪಣೆಯಿಲ್ಲದೆ ಅಲುಗಾಡಕೂಡದು ಎಂದು ನಾನು ಘೋಷಿಸಿದ್ದು ಒಂದು ಸೋಮವಾರ ಬೆಳಿಗ್ಗೆ, ಅಡುಗೆಮನೆಯ ಸ್ಟೂಲಿನ ಮೇಲೆ ನಿಂತು. ಸಭಿಕರು ಇಬ್ಬರು: ಶಾಲೆಯಲ್ಲಿ ಗಣಿತ ಕಲಿಸುವ ನನ್ನ ಹೆಂಡತಿ, ಮತ್ತು ನಮ್ಮ ಜೊತೆಗೇ ಇರುವ ಅವಳ ತಾಯಿ. ಅತ್ತೆಯ ಕೈಯಲ್ಲಿ ಆಗಷ್ಟೇ ಬೆಣ್ಣೆ ಸವರಿದ ಟೋಸ್ಟ್ ಇತ್ತು.

ಘೋಷಣೆಗೆ ಕಾರಣವಿತ್ತು. ಎರಡು ವರ್ಷದಿಂದ ಹೊಟ್ಟೆ ನನ್ನ ಮಾತು ಕೇಳುತ್ತಿರಲಿಲ್ಲ. ಹನ್ನೊಂದು ಕಿಲೋ ಕರಗಿಹೋಗಿ, ಪ್ಯಾಂಟು ಬೆಲ್ಟಿನ ದಯೆಯಿಂದ ನಿಂತಿತ್ತು. ಕೊನೆಗೆ ಡಾಕ್ಟರಮ್ಮ ಪತ್ತೆಹಚ್ಚಿದರು: ಸೀಲಿಯಾಕ್. ಗೋಧಿಯೊಳಗಿನ ಗ್ಲುಟೆನ್ ಹೊಟ್ಟೆಗೆ ಹೋದರೆ ಸಾಕು, ನನ್ನ ದೇಹದ ಕಾವಲುಗಾರರೇ ತಲೆಕೆಟ್ಟು ನನ್ನ ಕರುಳಿನ ಮೇಲೆ ಬೀಳುತ್ತಾರಂತೆ.

“ಮಾತ್ರೆ ಏನಾದ್ರೂ?” ಎಂದೆ.

“ಮಾತ್ರೆ ಇಲ್ಲ. ಗೋಧಿ, ಬಾರ್ಲಿ ಬಿಡಬೇಕು. ಜೀವನಪೂರ್ತಿ. ಒಂದು ಚೂರೂ ಹೋಗಬಾರದು.”

“ಅಷ್ಟೇ ತಾನೇ?” ಎಂದು ನಕ್ಕೆ. ಡಾಕ್ಟರಮ್ಮ ನಗಲಿಲ್ಲ.

ಅಡುಗೆಮನೆ ಎರಡು ರಾಜ್ಯಗಳಾಯಿತು. ಕಟ್ಟೆಯ ನಡುವೆ ಕೆಂಪು ಟೇಪಿನ ಗಡಿ. ಚಾಕು ಎರಡು, ಹಲಗೆ ಎರಡು, ಬೆಣ್ಣೆ ಡಬ್ಬಿಯೂ ಎರಡು. ಬಿಸ್ಕತ್ತುಗಳು ದೇಶಬಿಟ್ಟು ಪಕ್ಕದ ಮನೆ ಸೇರಿದವು. ಅತ್ತೆಯ ಟೋಸ್ಟಿಗೆ ಬಾಲ್ಕನಿಯಲ್ಲಿ ಜಾಗ ಕೊಟ್ಟೆ.

“ಅಲ್ಲಿ ಚಳಿ ಅಳಿಯಂದ್ರೇ,” ಎಂದರು.

“ಶಾಲು ಕೊಡ್ತೀನಿ ಅತ್ತೆ,” ಎಂದೆ. ಕೊಟ್ಟೆ ಕೂಡ.

ನಾನು ಗ್ರಂಥಾಲಯವೊಂದರಲ್ಲಿ ಹಳೆಯ ಪುಸ್ತಕಗಳಿಗೆ ರಟ್ಟು ಕಟ್ಟುವವನು. ಮಧ್ಯಾಹ್ನ ಮೂರರ ಹೊತ್ತಿಗೆ ಎತ್ತರದ ಕಿಟಕಿಯಿಂದ ಬಿಸಿಲು ನನ್ನ ಮೇಜಿನ ಮೇಲೆ ಇಳಿಯುತ್ತದೆ. ಕಾಗದದ ಧೂಳು ಅದರಲ್ಲಿ ಚಿನ್ನದ ಪುಡಿಯಂತೆ ತೇಲುತ್ತದೆ. ಆ ಹೊತ್ತಿನಲ್ಲಿ ಕೈ ಮಾತ್ರ ಕೆಲಸ ಮಾಡುತ್ತಿತ್ತು. ಮನಸ್ಸು ಬ್ರೆಡ್ಡಿನ ಬೆನ್ನುಹತ್ತಿ ಹೋಗಿರುತ್ತಿತ್ತು. ಉದ್ದನೆಯ ಬ್ರೆಡ್ಡೊಂದು ದೋಣಿಯಂತೆ ಬಿಸಿಲಿನಲ್ಲಿ ತೇಲಿ ಬರುವುದು, ನಾನು ಅದರ ಮೆತ್ತನೆಯ ಹೊಟ್ಟೆಯಲ್ಲಿ ಒರಗಿ ಕೂರುವುದು, ಕಪಾಟುಗಳ ಮೇಲಿಂದ ಮೆಲ್ಲಗೆ ಸಾಗುವುದು. ನಾಲಿಗೆಯ ತುದಿಗೆ ಅದರ ರುಚಿಯೂ ಹತ್ತುತ್ತಿತ್ತು. ತಿನ್ನದೆಯೇ ರುಚಿ ಕಾಣುವ ನನ್ನ ಕಲ್ಪನಾಶಕ್ತಿಗೆ ನಾನೇ ತಲೆದೂಗುತ್ತಿದ್ದೆ.

ಮೂರು ತಿಂಗಳ ಮೇಲೆ ಮತ್ತೆ ಪರೀಕ್ಷೆಗೆ ರಕ್ತ ಕೊಟ್ಟೆ. ಡಾಕ್ಟರಮ್ಮ ವರದಿಯನ್ನು ಎರಡು ಸಲ ನೋಡಿದರು.

“ರಕ್ತದಲ್ಲಿ ರೋಗದ ಅಂಕಿ ಸ್ವಲ್ಪವೂ ಇಳಿದಿಲ್ಲ. ಎಲ್ಲಿಂದಲೋ ಗೋಧಿ ಹೋಗ್ತಾ ಇದೆ. ಹೀಗೇ ಆದ್ರೆ ಕರುಳು ಕೈಕೊಡುತ್ತೆ.”

ನನಗೆ ನಿಜವಾಗಿ ಹೆದರಿಕೆಯಾಯಿತು. ಹೆದರಿದ ಗಂಡಸು ಮಾಡುವ ಕೆಲಸವನ್ನೇ ಮಾಡಿದೆ: ಮನೆಗೆ ಬಂದು ಕಾರಣ ಹುಡುಕಿದೆ. ಬಾಲ್ಕನಿಯ ಬಾಗಿಲ ಬಳಿ ಬ್ರೆಡ್ಡಿನ ಒಂದು ತುಣುಕು ಸಿಕ್ಕಿತು. ಅದನ್ನು ಬಿಳಿ ಕಾಗದದ ಮೇಲಿಟ್ಟು ಅತ್ತೆಯ ಮುಂದೆ ಹಿಡಿದೆ.

“ಇದೇನು ಅತ್ತೆ?”

ಅವರು ಕನ್ನಡಕ ಹಾಕಿಕೊಂಡು ನೋಡಿದರು. ಮುಖ ಸಣ್ಣದಾಯಿತು. “ಕಾಲಿಗೆ ಅಂಟಿ ಬಂದಿರಬೇಕು. ನಾನು ಬ್ರೆಡ್ಡೇ ಬಿಡ್ತೀನಿ ಬಿಡಿ. ನೀವು ಗುಣವಾದ್ರೆ ಸಾಕು.”

ನಲವತ್ತು ವರ್ಷದ ಟೋಸ್ಟನ್ನು ಅವರು ಒಂದು ಮಾತಿಗೆ ಬಿಟ್ಟರು. ಮರುದಿನದಿಂದ ಬರೀ ಚಹಾದ ಲೋಟ ಹಿಡಿದು ಸುಮ್ಮನೆ ಕೂರುತ್ತಿದ್ದರು. ಹೆಂಡತಿ ನನ್ನ ಜೊತೆ ಅಂಕಿಗಳಲ್ಲಿ ಮಾತ್ರ ಮಾತಾಡತೊಡಗಿದಳು. “ಎಂಟೂವರೆ.” “ಎರಡು ಚಮಚ.”

ಆ ಶನಿವಾರ ನಾನು ಊಟದ ಡಬ್ಬಿ ಮರೆತು ಹೋಗಿದ್ದೆ. ಅರ್ಧ ದಿನದ ಶಾಲೆ ಮುಗಿಸಿ ಅವಳೇ ತಂದಳು. ನಾನು ಬ್ರೆಡ್ಡಿನ ದೋಣಿಯಲ್ಲಿ ಬಹಳ ದೂರ ಹೋಗಿಬಿಟ್ಟಿದ್ದೆ; ಅವಳು ಬಾಗಿಲಲ್ಲಿ ಎಷ್ಟು ಹೊತ್ತು ನಿಂತಿದ್ದಳೋ ತಿಳಿಯದು.

“ರೀ, ಆ ಬಟ್ಟಲಲ್ಲಿ ಏನಿದೆ?”

“ಅಂಟು. ರಟ್ಟಿಗೆ ಹಚ್ಚೋದು. ನಾನೇ ಕುದಿಸ್ತೀನಿ.”

“ಯಾವುದರಿಂದ?”

“ಮೈ...” ಎಂದೆ. “ದಾ” ಹೊರಗೆ ಬರಲಿಲ್ಲ.

“ಅಂಟು ಹಚ್ಚೋದು, ಅದೇ ಬೆರಳನ್ನ ನಾಲಿಗೆಗೆ ಒತ್ತೋದು, ಹಾಳೆ ತಿರುವೋದು,” ಎಂದಳು ಹೆಂಡತಿ, ಮಗ್ಗಿ ಒಪ್ಪಿಸುವಷ್ಟು ಶಾಂತವಾಗಿ. “ನಾನು ನೋಡ್ತಾ ನಿಂತಾಗಿನಿಂದ ಹದಿನೇಳು ಸಲ.”

ಇಪ್ಪತ್ತಾರು ವರ್ಷದ ಅಭ್ಯಾಸ. ಬೆರಳನ್ನು ನೋಡಿಕೊಂಡೆ. ಅದು ಇನ್ನೂ ಒದ್ದೆಯಾಗಿತ್ತು. ಕಲ್ಪನಾಶಕ್ತಿ ಎಂದು ನಾನು ಮೆಚ್ಚಿಕೊಂಡಿದ್ದ ರುಚಿ ಗೋಧಿಯಿಂದಲೇ ಆಗುವ ಮೈದಾಹಿಟ್ಟಿನದಾಗಿತ್ತು.

ಅಂಟು ಅಕ್ಕಿಹಿಟ್ಟಿಗೆ ಬದಲಾಯಿತು, ಬೆರಳಿಗೆ ಒದ್ದೆ ಸ್ಪಂಜು ಬಂತು, ಮುಂದಿನ ಪರೀಕ್ಷೆಯಲ್ಲಿ ಅಂಕಿ ಅರ್ಧಕ್ಕಿಳಿಯಿತು. ಅದೆಲ್ಲ ಆಮೇಲಿನ ಮಾತು. ಆ ಸಂಜೆ ನಾನು ಬೇಕರಿಗೆ ಹೋಗಿ ಬ್ರೆಡ್ ತಂದು, ಕೈಗವಸು ಹಾಕಿ, ಟೋಸ್ಟ್ ಮಾಡಿ, ಬೆಣ್ಣೆ ಸವರಿ, ಊಟದ ಮೇಜಿನಲ್ಲೇ ಅತ್ತೆಯ ಮುಂದಿಟ್ಟೆ. ನಡೆದದ್ದನ್ನು ಒಂದೂ ಬಿಡದೆ ಹೇಳಿದೆ.

“ತಪ್ಪಾಯ್ತು ಅತ್ತೆ.”

ಅವರು ಒಂದು ತುಂಡು ಮುರಿದು ನಿಧಾನವಾಗಿ ಅಗಿದರು, ಕಣ್ಣು ಮುಚ್ಚಿಕೊಂಡು. ಎರಡನೆಯ ತುಂಡೂ ಮುಗಿಯಿತು. ಆಮೇಲೆ ಮಗಳ ಕಡೆ ತಿರುಗಿದರು.

“ನಿನ್ನ ಮದುವೆ ಮಾತುಕತೆಯಲ್ಲಿ, ಹುಡುಗ ಪುಸ್ತಕದ ಹುಳು ಅಂತ ಹೇಳಿದ್ರು ಕಣೇ. ನಾನು, ಪಾಪ, ಓದ್ತಾನೇನೋ ಅಂದ್ಕೊಂಡಿದ್ದೆ.”